ಫಾರ್ಮ್ಯಾಟ್‌ಗೆ ಕೊಡುವ ಮುಂಚೆ: ಲ್ಯಾಪ್‌ಟಾಪ್ ಕುರಿತು ಓದುಗರ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಲ್ಯಾಪ್‌ಟಾಪಿನ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಸುವುದು. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಇರುವ ಯಂತ್ರದಲ್ಲಿ ಹಾಕುವ ಕೆಲಸ ಅರ್ಧ ಗಂಟೆಯಿಂದ ಒಂದು ಗಂಟೆಯದು. ಕಷ್ಟವೆಲ್ಲ ಆಮೇಲೆ ಶುರುವಾಗುತ್ತದೆ. ಫೋಟೊ, ಪಿಡಿಎಫ್‌ಗಳನ್ನು ಎಲ್ಲರೂ ನೆನಪಿಟ್ಟು ಕಾಪಿ ಮಾಡಿಕೊಳ್ಳುತ್ತಾರೆ. ಫಾಂಟು, ಲೈಸೆನ್ಸು, ಪಾಸ್‌ವರ್ಡು, ಬೀಗದ ಕೀ ಇಂಥವು ಹೋದವೆಂದು ಗೊತ್ತಾಗುವುದೇ ಅವು ಬೇಕಾದ ದಿನ. ಅದಕ್ಕಾಗಿ ಉತ್ತರಗಳಲ್ಲಿ ಅವಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: 2019ರಲ್ಲಿ ಕೊಂಡ ಲ್ಯಾಪ್‌ಟಾಪ್. ಆನ್ ಆಗೋಕೇ ಐದು ನಿಮಿಷ ಬೇಕು, ಕ್ರೋಮ್ ತೆರೆದರೆ ಹ್ಯಾಂಗ್ ಆಗುತ್ತೆ. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತೆ ಅಂತ ಅಂಗಡಿಯವರು ಹೇಳಿದರು. ಎಲ್ಲಾ ಫೈಲ್ ಡಿ ಡ್ರೈವ್‌ಗೆ ಹಾಕಿ ಕೊಟ್ಟರೆ ಸಾಕಾ?
— ಪದವಿ ವಿದ್ಯಾರ್ಥಿನಿ, ವಿದ್ಯಾನಗರ, ದಾವಣಗೆರೆ

ಉತ್ತರ: ಸಾಲದು. ಡಿ ಡ್ರೈವ್ ಎಂಬುದು ಬೇರೆ ಡಿಸ್ಕ್ ಅಲ್ಲ. ಒಂದೇ ಮನೆಗೆ ನಡುವೆ ಗೋಡೆ ಎತ್ತಿ ಎರಡು ಕೋಣೆ ಮಾಡಿದ ಹಾಗೆ, ಸಾಮಾನ್ಯವಾಗಿ ಒಂದೇ ಡಿಸ್ಕನ್ನು ಸಿ, ಡಿ ಎಂದು ಪಾಲು ಮಾಡಿರುತ್ತಾರೆ. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಡಿಸ್ಕ್ ಚೆನ್ನಾಗಿದ್ದರೂ ಅಪಾಯ ಇದ್ದೇ ಇದೆ. ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕುವಾಗ ಬರುವ ಪಟ್ಟಿಯಲ್ಲಿ ಸಿ, ಡಿ ಎಂಬ ಅಕ್ಷರಗಳೇ ಇರುವುದಿಲ್ಲ. 'ಡಿಸ್ಕ್ 0 ಪಾರ್ಟಿಷನ್ 3', 'ಪಾರ್ಟಿಷನ್ 4' ಎಂದು ಬರುತ್ತದೆ. ಅಳತೆ ನೋಡಿಯೇ ಗುರುತು ಹಿಡಿಯಬೇಕು. ಎರಡರ ಅಳತೆಯೂ ಹತ್ತಿರ ಹತ್ತಿರ ಇದ್ದು, ಅವಸರದಲ್ಲಿ ತಪ್ಪು ಸಾಲಿನ ಮೇಲೆ ಡಿಲೀಟ್ ಒತ್ತಿದರೆ ನಿಮ್ಮ ಡಿ ಡ್ರೈವ್ ಅಲ್ಲಿಗೆ ಮುಗಿಯಿತು. ಹಳೆಯ ಹಾರ್ಡ್‌ಡಿಸ್ಕ್ ಆದರೆ ರಿಕವರಿ ಸಾಫ್ಟ್‌ವೇರ್‌ನಿಂದ ಅಷ್ಟಿಷ್ಟು ಮರಳಿ ಸಿಗಬಹುದು. ಎಸ್‌ಎಸ್‌ಡಿಯಲ್ಲಿ ಆ ಆಸೆ ಇಟ್ಟುಕೊಳ್ಳಬೇಡಿ: ಅಳಿಸಿದ ಜಾಗವನ್ನು ಖಾಲಿ ಮಾಡಿಕೊಳ್ಳುವಂತೆ ವಿಂಡೋಸ್ 'ಟ್ರಿಮ್' ಆಜ್ಞೆ ಕೊಡುತ್ತದೆ, ಎಸ್‌ಎಸ್‌ಡಿ ಅದನ್ನು ನಿಜಕ್ಕೂ ಒರೆಸಿಬಿಡುತ್ತದೆ.

ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು, ಫಾರ್ಮ್ಯಾಟ್ ಬೇಕೇ ಎಂಬುದನ್ನು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. 'ಪರ್ಫಾರ್ಮೆನ್ಸ್' ಪುಟದಲ್ಲಿ ಡಿಸ್ಕ್ ಪಕ್ಕ ಎಚ್‌ಡಿಡಿ ಎಂದಿದೆಯೋ ಎಸ್‌ಎಸ್‌ಡಿ ಎಂದಿದೆಯೋ ನೋಡಿ. ಎಚ್‌ಡಿಡಿ ಎಂದಿದ್ದು, ನೀವು ಏನೂ ಮಾಡದೆ ಕೂತಿದ್ದಾಗಲೂ ಅದು 100 ಶೇಕಡಾ ತೋರಿಸುತ್ತಿದ್ದರೆ, ತಿರುಗುವ ಹಾರ್ಡ್‌ಡಿಸ್ಕ್‌ನ ನಿಧಾನವೇ ನಿಮ್ಮ ಕಾಯಿಲೆ. ಫಾರ್ಮ್ಯಾಟ್ ಮಾಡಿಸಿದರೆ ಸ್ವಲ್ಪ ದಿನ ಹಗುರಾಗಿ ಓಡುತ್ತದೆ. ಅಪ್‌ಡೇಟುಗಳು, ಪ್ರೋಗ್ರಾಮುಗಳು ಮತ್ತೆ ಸೇರಿದ ಮೇಲೆ ಹಳೆಯ ಗತಿಯೇ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಎಸ್‌ಎಸ್‌ಡಿ ಹಾಕಿಸುವುದು ಸರಿಯಾದ ದಾರಿ. ಕೊಳ್ಳುವ ಮುಂಚೆ ನಿಮ್ಮ ಮಾಡೆಲ್‌ಗೆ 2.5 ಇಂಚಿನ ಸಾಟಾ ಹಿಡಿಯುತ್ತದೋ, ಎಂ.2 ಸ್ಲಾಟ್ ಇದೆಯೋ, ಇದ್ದರೆ ಅದು ಎನ್‌ವಿಎಂಇ ಒಪ್ಪುತ್ತದೋ ಬರೀ ಸಾಟಾ ಮಾತ್ರವೋ ಅಂಗಡಿಯಲ್ಲಿ ಕೇಳಿ ತಿಳಿಯಿರಿ; ಇವು ಎಸ್‌ಎಸ್‌ಡಿ ಜೋಡಿಸುವ ಬೇರೆ ಬೇರೆ ಬಗೆಗಳು. ಎಂ.2 ಸ್ಲಾಟಿನ ಎನ್‌ವಿಎಂಇ, ಸಾಟಾ ಎರಡರ ಆಕಾರ ಒಂದೇ ಥರ ಇದ್ದು ಒಂದರ ಬದಲು ಇನ್ನೊಂದು ತಂದು ಪೇಚಾಡುವವರು ಬಹಳ. ರ್‍ಯಾಮ್ 4 ಜಿಬಿ ಇದ್ದರೆ ಅದನ್ನೂ 8ಕ್ಕೆ ಏರಿಸಿ.

ಹೀಗೆ ಮಾಡುವುದರಲ್ಲಿ ಇನ್ನೊಂದು ದೊಡ್ಡ ಲಾಭವಿದೆ. ಹೊಸ ವಿಂಡೋಸ್ ಹೊಸ ಎಸ್‌ಎಸ್‌ಡಿಗೆ ಹೋಗುತ್ತದೆ, ಹಳೆಯ ಡಿಸ್ಕನ್ನು ಯಾರೂ ಮುಟ್ಟುವುದಿಲ್ಲ. ಅದನ್ನು ಯುಎಸ್‌ಬಿ ಕೇಸಿಂಗ್ ಒಳಗೆ ಹಾಕಿಸಿಕೊಂಡು ಮನೆಗೆ ತನ್ನಿ. ಏನಾದರೂ ಮರೆತಿದ್ದರೆ ಅದರಲ್ಲೇ ಸಿಗುತ್ತದೆ. ಅಂಗಡಿಯಲ್ಲಿ ಬಿಟ್ಟು ಬರಬೇಡಿ.

ಡಿಸ್ಕ್‌ನ ಆರೋಗ್ಯವನ್ನೂ ನೋಡಿಬಿಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಪ್ರೋಗ್ರಾಂ ತೆರೆದರೆ 'ಗುಡ್', 'ಕಾಷನ್', 'ಬ್ಯಾಡ್' ಎಂದು ತೋರಿಸುತ್ತದೆ. ಹಾರ್ಡ್‌ಡಿಸ್ಕ್‌ನಲ್ಲಿ 05, ಸಿ5, ಸಿ6 ಎಂಬ ಸಾಲುಗಳ ಕೊನೆಯ ಕಾಲಂನಲ್ಲಿ ಬರೀ ಸೊನ್ನೆಗಳೇ ಇರಬೇಕು. ಇಲ್ಲದಿದ್ದರೆ ಡಿಸ್ಕ್‌ನ ಕೆಲವು ಜಾಗ ಸತ್ತಿವೆ ಎಂದರ್ಥ. ಅಂಥ ಡಿಸ್ಕ್‌ಗೆ ಮತ್ತೆ ವಿಂಡೋಸ್ ಹಾಕಿಸಬೇಡಿ. ಯಂತ್ರವನ್ನು ಬೇರೆ ಕೆಲಸಕ್ಕೆ ಬಳಸುವುದು ನಿಲ್ಲಿಸಿ, ಬೇಕೇಬೇಕಾದ ಫೈಲುಗಳನ್ನು ಮೊದಲು ಹೊರತೆಗೆಯಿರಿ. ಸಿನಿಮಾ, ಹಾಡು ಆಮೇಲೆ.

ಈಗ ಬ್ಯಾಕಪ್. ಅದು ಲ್ಯಾಪ್‌ಟಾಪಿನ ಹೊರಗಿರಬೇಕು: ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಒಳ್ಳೆಯದು, ಪ್ರಾಜೆಕ್ಟ್ ವರದಿ, ಅಂಕಪಟ್ಟಿಯಂಥವಕ್ಕೆ ಗೂಗಲ್ ಡ್ರೈವ್‌ನಲ್ಲಿ ಎರಡನೆಯ ಪ್ರತಿ ಇರಲಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. 4 ಜಿಬಿಗಿಂತ ದೊಡ್ಡ ವಿಡಿಯೊ ಕಾಪಿ ಆಗುವುದಿಲ್ಲ ಎಂದು ಬಂದರೆ ಪೆನ್‌ಡ್ರೈವ್ ಫ್ಯಾಟ್32 ವಿಧಾನದಲ್ಲಿದೆ. ಅದನ್ನು ಖಾಲಿ ಮಾಡಿ ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿದರೆ ತೊಂದರೆ ತೀರಿತು.

ಒಂದೊಂದೇ ಫೋಲ್ಡರ್ ಹುಡುಕುತ್ತಾ ಕೂರುವ ಬದಲು, ಸಿ ಡ್ರೈವ್‌ನ 'ಯೂಸರ್ಸ್' ಒಳಗೆ ನಿಮ್ಮ ಹೆಸರಿನಲ್ಲಿರುವ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲಾ ಅದರೊಳಗೇ ಇವೆ. 'ವ್ಯೂ' ಮೆನುವಿನಲ್ಲಿ 'ಹಿಡನ್ ಐಟಮ್ಸ್'ಗೆ ಗುರುತು ಹಾಕಿದರೆ 'ಆ್ಯಪ್‌ಡೇಟಾ' ಎಂಬ ಇನ್ನೊಂದು ಫೋಲ್ಡರ್ ಕಾಣುತ್ತದೆ. ಎಷ್ಟೋ ಪ್ರೋಗ್ರಾಮುಗಳು ತಮ್ಮ ಮಾಹಿತಿಯನ್ನು ಅಲ್ಲಿಯೇ ಇಡುತ್ತವೆ. ಕಾಪಿ ಆಗುವಾಗ 'ಫೈಲ್ ಬಳಕೆಯಲ್ಲಿದೆ' ಎಂದು ಕೆಲವಕ್ಕೆ ತಕರಾರು ಬರುತ್ತದೆ. ಅಲ್ಲಿ 'ಸ್ಕಿಪ್' ಒತ್ತಬಹುದು, ಆದರೆ ಯಾವುದನ್ನು ಬಿಟ್ಟಿತು ಎಂದು ಓದಿ ಒತ್ತಿ. ಬಳಿಕ ಸಿ ಡ್ರೈವ್‌ನ ಮೊದಲ ಪುಟವನ್ನೂ ಒಮ್ಮೆ ನೋಡಿ. ಲ್ಯಾಬ್‌ಗೆಂದು ಹಾಕಿಕೊಂಡ ಕೆಲವು ಪ್ರೋಗ್ರಾಮುಗಳು ಬರೆದ ಕೋಡನ್ನು ನೇರ ಅಲ್ಲಿಯೇ ಫೋಲ್ಡರ್ ಮಾಡಿ ಇಟ್ಟಿರುತ್ತವೆ.

ಫೈಲ್ ಪಕ್ಕದಲ್ಲಿ ಮೋಡದ ಗುರುತು ಇದ್ದರೆ ಎಚ್ಚರ. ಅದು ಒನ್‌ಡ್ರೈವ್‌ನಲ್ಲಿದೆ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಬರೀ ಹೆಸರಿದೆ. ಕಾಲೇಜಿನವರು ಕೊಟ್ಟ ಇಮೇಲ್‌ನಿಂದ ಲಾಗಿನ್ ಆಗಿದ್ದರೆ, ಪದವಿ ಮುಗಿದು ಆ ಖಾತೆ ಮುಚ್ಚಿದ ದಿನ ಫೈಲೂ ಕೈತಪ್ಪುತ್ತದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಆಲ್‌ವೇಸ್ ಕೀಪ್ ಆನ್ ದಿಸ್ ಡಿವೈಸ್' ಕೊಟ್ಟು, ಪೂರ್ತಿ ಇಳಿದ ಮೇಲೆ ಕಾಪಿ ಮಾಡಿ.

ಕ್ರೋಮ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು ನಿಮ್ಮ ಗೂಗಲ್ ಖಾತೆಗೆ ಸೇರುತ್ತಿವೆಯೇ ಎಂದು ಫೋನಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ. ಕಡತವಾಗಿ ಎಕ್ಸ್‌ಪೋರ್ಟ್ ಮಾಡುವ ದಾರಿಯೂ ಇದೆ. ಆದರೆ ಆ ಕಡತದಲ್ಲಿ ಎಲ್ಲಾ ಪಾಸ್‌ವರ್ಡುಗಳೂ ಯಾರು ಬೇಕಾದರೂ ಓದುವ ಹಾಗೆ ಇರುತ್ತವೆ. ಕೆಲಸವಾದ ಕೂಡಲೇ ಅಳಿಸಿ. ಹೊಸ ವಿಂಡೋಸ್ ಮೊದಲ ಸಲ ತೆರೆದಾಗ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಆ ಖಾತೆಗೆ ಜೋಡಿಸಿದ ಫೋನ್ ನಂಬರ್ ಈಗಲೂ ನಿಮ್ಮಲ್ಲಿದೆಯೇ? ಹಳೇ ಸಿಮ್ ಬಿಟ್ಟಿದ್ದರೆ ಒಟಿಪಿ ಬರುವುದಿಲ್ಲ. ಈಗಲೇ ಲಾಗಿನ್ ಆಗಿ ನಂಬರ್ ಬದಲಿಸಿ; ಫಾರ್ಮ್ಯಾಟ್ ಆದ ಮೇಲೆ ಅದು ಬಹಳ ಸುತ್ತಿನ ಕೆಲಸ.

ಕೊನೆಗೆ, ಬ್ಯಾಕಪ್ ಆದ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ಐದಾರು ಫೈಲ್ ತೆರೆದು ನೋಡಿ. ಎರಡೂ ಕಡೆ ಫೋಲ್ಡರ್‌ನ 'ಪ್ರಾಪರ್ಟೀಸ್' ತೆರೆದರೆ ಫೈಲುಗಳ ಸಂಖ್ಯೆ ಬರುತ್ತದೆ, ತಾಳೆ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ: ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಪಾಠಯೋಜನೆಗಳು ಹತ್ತು ವರ್ಷದವು ನನ್ನ ಬಳಿ ಇವೆ. ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆದ ಮೇಲೆ ಅವರ ಕನ್ನಡ ಫೈಲುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿವೆ. ನನಗೂ ಹಾಗಾಗದಂತೆ ಏನು ಮಾಡಬೇಕು?
— ಪ್ರೌಢಶಾಲೆ ಶಿಕ್ಷಕಿ, ಚಿತ್ರದುರ್ಗ

ಉತ್ತರ: ಮೊದಲು ನಿಮ್ಮ ಸಹೋದ್ಯೋಗಿಗೆ ಧೈರ್ಯ ಹೇಳಿ: ಅವರ ಫೈಲುಗಳು ಕೆಟ್ಟಿಲ್ಲ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತ) ಬಳಕೆಗೆ ಬರುವ ಮುಂಚಿನ ವಿಧಾನದಲ್ಲಿ, 'ನುಡಿ 01 ಇ' ಥರದ ಫಾಂಟಿನಲ್ಲಿ ಟೈಪ್ ಮಾಡಿದಾಗ ಫೈಲಿನೊಳಗೆ ಉಳಿಯುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತ ಮಾತ್ರ. ಅವುಗಳ ಜಾಗದಲ್ಲಿ ಕನ್ನಡದ ಆಕಾರ ಬಿಡಿಸಿ ತೋರಿಸುವುದು ಫಾಂಟು. ಫಾರ್ಮ್ಯಾಟ್ ಮಾಡಿದಾಗ ಫಾಂಟು ಹೋಯಿತು; ವರ್ಡ್ ಬೇರೆ ಫಾಂಟು ಹಾಕಿ ಸಂಕೇತಗಳನ್ನು ಇದ್ದ ಹಾಗೆ ತೋರಿಸಿತು. ಅದೇ ಫಾಂಟನ್ನು ಮರಳಿ ಹಾಕಿದರೆ ಕನ್ನಡ ಮರಳಿ ಬರುತ್ತದೆ. 'ಬರಹ' ತಂತ್ರಾಂಶದ 'ಬಿಆರ್‌ಎಚ್' ಫಾಂಟುಗಳಿಗೂ ಇದೇ ಮಾತು. ಗಾಬರಿಯಲ್ಲಿ ಎಲ್ಲವನ್ನೂ ಆಯ್ಕೆ ಮಾಡಿ ಫಾಂಟು ಬದಲಿಸಿ ಸೇವ್ ಮಾಡದಿರಲಿ. ಒಂದೇ ಪುಟದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇದ್ದಲ್ಲಿ ಯಾವುದು ಯಾವುದೆಂಬ ಗುರುತೇ ಅಳಿಸಿಹೋಗುತ್ತದೆ.

ನಿಮ್ಮ ಲ್ಯಾಪ್‌ಟಾಪ್ ಇನ್ನೂ ಫಾರ್ಮ್ಯಾಟ್ ಆಗಿಲ್ಲವಾದ್ದರಿಂದ ಕೆಲಸ ಸುಲಭ. ಫಾಂಟುಗಳು ಎರಡು ಕಡೆ ಇರಬಹುದು. ಒಂದು, ಸಿ ಡ್ರೈವ್‌ನಲ್ಲಿ ವಿಂಡೋಸ್ ಫೋಲ್ಡರ್ ಒಳಗಿನ 'ಫಾಂಟ್ಸ್'. ಇನ್ನೊಂದನ್ನು ಬಹಳ ಜನ ನೋಡುವುದಿಲ್ಲ: 2018ರ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಈಚೆಗೆ, ಫಾಂಟ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಬರೀ 'ಇನ್‌ಸ್ಟಾಲ್' ಕೊಟ್ಟರೆ ಅದು ನಿಮ್ಮ ಹೆಸರಿನ ಫೋಲ್ಡರ್‌ನ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ದಾರಿಯಲ್ಲಿ ಕೂರುತ್ತದೆ. ಎರಡೂ ಕಡೆ ನುಡಿ, ಬಿಆರ್‌ಎಚ್ ಎಂದು ಶುರುವಾಗುವ ಎಲ್ಲವನ್ನೂ ಆರಿಸಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಹೊಸ ವಿಂಡೋಸ್‌ನಲ್ಲಿ ಮರಳಿ ಹಾಕುವಾಗ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಕೊಡಿ. ನುಡಿಯ ಸೆಟಪ್ ಫೈಲೂ ಜೊತೆಗಿರಲಿ. ಯಾಕೆಂದರೆ ವಿಂಡೋಸ್ ತಾನೇ ಕೊಡುವ ಕನ್ನಡ ಕೀಲಿಮಣೆಗಳು ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ವಿನ್ಯಾಸದವು. ನಿಮ್ಮ ಬೆರಳಿಗೆ ರೂಢಿಯಾದ, ನುಡಿಯಲ್ಲಿರುವ ಕೆಜಿಪಿ ವಿನ್ಯಾಸ ಅದರಲ್ಲಿಲ್ಲ.

ಫಾಂಟು ಉಳಿಸಿದ ಮೇಲೂ ಎರಡು ಕೆಲಸ ಮಾಡಿ. ಮುದ್ರಣಕ್ಕೆ ಮಾತ್ರ ಬೇಕಾದ ಹಳೆಯ ಪತ್ರಿಕೆಗಳನ್ನು ವರ್ಡ್‌ನಿಂದ ಪಿಡಿಎಫ್ ಆಗಿ ಉಳಿಸಿ. ಪಿಡಿಎಫ್ ತನ್ನೊಳಗೆ ಫಾಂಟನ್ನೂ ಒಯ್ಯುವುದರಿಂದ ಎಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ. ಮುಂದೆಯೂ ತಿದ್ದಿ ಬಳಸುವಂಥವನ್ನು ನುಡಿ ತಂತ್ರಾಂಶದಲ್ಲೇ ಇರುವ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ. ಬದಲಾದ ಮೇಲೆ ಒಮ್ಮೆ ಓದಲೇಬೇಕು: ಅರ್ಕಾವತ್ತು ಜಾಗ ತಪ್ಪುತ್ತದೆ, ನಡುವೆ ಬಂದ ಇಂಗ್ಲಿಷ್ ಪದಗಳೂ ಗಣಿತದ ಚಿಹ್ನೆಗಳೂ ಕಲಸಿಹೋಗುತ್ತವೆ. ಕನ್ನಡ, ಸಮಾಜ ವಿಜ್ಞಾನದ ಪತ್ರಿಕೆಗಳು ಬೇಗ ಸರಿಹೋಗುತ್ತವೆ. ಗಣಿತ, ವಿಜ್ಞಾನದವಕ್ಕೆ ತಾಳ್ಮೆ ಬೇಕು. ಹತ್ತು ವರ್ಷದ್ದನ್ನು ಒಮ್ಮೆಗೇ ಹಿಡಿಯಬೇಡಿ, ಈ ವರ್ಷ ಬಳಸುವ ಪತ್ರಿಕೆಯಿಂದ ಶುರು ಮಾಡಿ. ಮೂಲ ಫೈಲನ್ನಂತೂ ಯಾವ ಕಾರಣಕ್ಕೂ ಅಳಿಸಬೇಡಿ.

ಪ್ರಶ್ನೆ: ಅಡಿಕೆ, ಮೆಕ್ಕೆಜೋಳದ ಮಂಡಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಟ್ಯಾಲಿ, ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್, ಬಿಲ್ ಹಾಕುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಎಲ್ಲಾ ಒಂದೇ ಲ್ಯಾಪ್‌ಟಾಪ್‌ನಲ್ಲಿದೆ. ಫಾರ್ಮ್ಯಾಟ್ ಮಾಡಿಸಿದರೆ ಏನೇನು ನಿಂತುಹೋಗಬಹುದು?
— ಎಪಿಎಂಸಿ ಯಾರ್ಡ್, ದಾವಣಗೆರೆ

ಉತ್ತರ: ಸಿದ್ಧತೆ ಇಲ್ಲದೆ ಮಾಡಿಸಿದರೆ ಮೂರೂ ನಿಲ್ಲುತ್ತವೆ. ಹಾಗಾಗಿ ಮಂಡಿ ರಜೆಯ ದಿನ ನೋಡಿ, ಜಿಎಸ್‌ಟಿ ರಿಟರ್ನ್ ಸಲ್ಲಿಸಿ ಆದ ಮೇಲೆ ಈ ಕೆಲಸಕ್ಕೆ ಕೈಹಾಕಿ. ರಿಟರ್ನ್ ಗಡುವಿನ 11ನೇ ತಾರೀಖು, 20ನೇ ತಾರೀಖಿನ ಹಿಂದಿನ ದಿನವಂತೂ ಬೇಡವೇ ಬೇಡ.

ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿ 'ಬ್ಯಾಕಪ್' ಆರಿಸಿ, ಎಲ್ಲಾ ಕಂಪನಿಗಳನ್ನೂ ಗುರುತಿಸಿ, ಹೊರಗಿನ ಡಿಸ್ಕ್‌ಗೆ ಕೊಡಿ. ಈಗ ತೆರೆದಿರುವ ಕಂಪನಿಯೊಂದನ್ನೇ ತೆಗೆದು ಹಿಂದಿನ ವರ್ಷಗಳದ್ದನ್ನು ಮರೆಯುವುದು ಸಾಮಾನ್ಯ. ಅದರ ಮೇಲೆ ಇನ್ನೊಂದು ಭದ್ರತೆ: ಕಂಪನಿ ಆಯ್ಕೆ ಮಾಡುವ ಪರದೆಯಲ್ಲಿ ಡೇಟಾ ಇರುವ ಫೋಲ್ಡರ್‌ನ ದಾರಿ ಕಾಣುತ್ತದೆ. ಅದನ್ನು ಬರೆದುಕೊಂಡು, ಟ್ಯಾಲಿ ಮುಚ್ಚಿ, ಆ ಫೋಲ್ಡರನ್ನೇ ಇಡಿಯಾಗಿ ಕಾಪಿ ಮಾಡಿ. ಟ್ಯಾಲಿ ತೆರೆದಿಟ್ಟು ಕಾಪಿ ಮಾಡಿದರೆ ಅರ್ಧ ಬರೆದ ಫೈಲು ಬರಬಹುದು. ನಿಮ್ಮ ಟ್ಯಾಲಿಯ ರಿಲೀಸ್ ನಂಬರ್ ಬರೆದಿಟ್ಟುಕೊಳ್ಳಿ. ಹೊಸ ರಿಲೀಸ್‌ನಲ್ಲಿ ತೆಗೆದ ಡೇಟಾವನ್ನು ಹಳೆಯ ರಿಲೀಸ್ ತೆರೆಯದೆ ಹೋಗಬಹುದು. ಅಂಗಡಿಯವರು ತಮ್ಮ ಬಳಿ ಇದ್ದ ಹಳೆಯ ಸೆಟಪ್ ಹಾಕಿಕೊಟ್ಟಾಗ ಆಗುವ ಎಡವಟ್ಟು ಇದೇ. ಟ್ಯಾಲಿವಾಲ್ಟ್ (ಕಂಪನಿಯ ಡೇಟಾಕ್ಕೆ ಹಾಕುವ ಬೀಗ) ಪಾಸ್‌ವರ್ಡ್ ಹಾಕಿದ್ದರೆ ಅದು ಸಾಹುಕಾರರಿಗೂ ನಿಮಗೂ ನೆನಪಿದೆಯೇ ನೋಡಿ. ಮರೆತರೆ ತೆಗೆಯುವ ದಾರಿ ಇಲ್ಲ.

ಲೈಸೆನ್ಸ್ ಬೇರೆ ಸಂಗತಿ. ಅದು ಆ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಫಾರ್ಮ್ಯಾಟ್‌ಗೆ ಮುಂಚೆ ಇಂಟರ್‌ನೆಟ್ ಇರುವಾಗ ಎಫ್1, ಸೆಟ್ಟಿಂಗ್ಸ್, ಲೈಸೆನ್ಸ್ ಎಂದು ಹೋಗಿ 'ಸರೆಂಡರ್ ಲೈಸೆನ್ಸ್' ಕೊಡಿ. ಸೀರಿಯಲ್ ನಂಬರ್, ಲೈಸೆನ್ಸ್‌ಗೆ ಕೊಟ್ಟ ಇಮೇಲ್ ಮತ್ತು ಅದರ ಪಾಸ್‌ವರ್ಡ್ ಕಾಗದದ ಮೇಲೆ ಬರೆದಿಡಿ. ಎಷ್ಟೋ ಅಂಗಡಿಗಳಲ್ಲಿ ಆ ಇಮೇಲ್ ಟ್ಯಾಲಿ ಮಾರಿದವರದ್ದೋ ಕೆಲಸ ಬಿಟ್ಟ ಹಳೇ ಗುಮಾಸ್ತರದ್ದೋ ಆಗಿರುತ್ತದೆ. ಅದನ್ನು ಮೊದಲೇ ಸರಿಪಡಿಸಿಕೊಳ್ಳಿ.

ಡಿಜಿಟಲ್ ಸಹಿ ಇರುವುದು ಟೋಕನ್ ಒಳಗೆ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿದರೆ ಅದಕ್ಕೇನೂ ಆಗದು. ಆದರೆ ಟೋಕನ್ ಗುರುತಿಸುವ ಡ್ರೈವರ್ ಮತ್ತು ಜಿಎಸ್‌ಟಿ ತಾಣಕ್ಕೆ ಬೇಕಾದ ಎಂಸೈನರ್ ಎಂಬ ಸಹಿ ಹಾಕುವ ಪ್ರೋಗ್ರಾಂ ಎರಡನ್ನೂ ಹೊಸದಾಗಿ ಹಾಕಬೇಕು. ಟೋಕನ್ ಮೇಲಿನ ಕಂಪನಿ, ಮಾಡೆಲ್ ಹೆಸರಿನ ಫೋಟೊ ತೆಗೆದಿಡಿ. ಡ್ರೈವರ್ ಹಾಕುವಾಗ 'ಇನಿಷಿಯಲೈಸ್' ಎಂಬ ಗುಂಡಿ ಕಂಡರೆ ಮುಟ್ಟಬೇಡಿ. ಟೋಕನ್ ಖಾಲಿಯಾಗುತ್ತದೆ, ಸಹಿಯನ್ನು ಹೊಸದಾಗಿ ಮಾಡಿಸಬೇಕಾಗುತ್ತದೆ. ಪಿನ್ ಪದೇ ಪದೇ ತಪ್ಪು ಹೊಡೆದರೂ ಲಾಕ್ ಆಗುತ್ತದೆ.

ಪ್ರಿಂಟರ್‌ಗೆ ಮಾಡೆಲ್ ಹೆಸರಿನ ಜೊತೆ ಕಾಗದದ ಅಳತೆಯ ಪುಟವನ್ನೂ ಫೋಟೊ ಹಿಡಿಯಿರಿ. ಬಿಲ್ ಪುಸ್ತಕದ ಅಳತೆಗೆ ಹೊಂದಿಸಿದ ಆ ಸೆಟ್ಟಿಂಗ್ ಹೋದರೆ ಎರಡನೆಯ ಬಿಲ್‌ನಿಂದ ಸಾಲುಗಳು ಜಾರುತ್ತಾ ಹೋಗುತ್ತವೆ.

ಪ್ರಶ್ನೆ: ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿ ವಿಂಡೋಸ್ 11 ಹಾಕಿದರು. ಈಗ ಡಿ ಡ್ರೈವ್ ಮೇಲೆ ಬೀಗದ ಚಿತ್ರ ಬಂದು 48 ಅಂಕಿಯ ಕೀ ಕೇಳುತ್ತಿದೆ. ನಾನು ಯಾವತ್ತೂ ಪಾಸ್‌ವರ್ಡ್ ಹಾಕಿಲ್ಲ.
— ಹೊಸದುರ್ಗ

ಉತ್ತರ: ನೀವು ಹಾಕಿಲ್ಲ, ವಿಂಡೋಸ್ ತಾನೇ ಹಾಕಿದೆ. ಈಚಿನ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್‌ಗೆ ಬೀಗ ಹಾಕುವ 'ಡಿವೈಸ್ ಎನ್‌ಕ್ರಿಪ್ಷನ್' ತಾನಾಗಿ ಚಾಲೂ ಆಗಬಹುದು, ಡಿ ಡ್ರೈವ್ ಕೂಡ ಅದರೊಳಗೆ ಸೇರುತ್ತದೆ. ಹಳೆಯ ವಿಂಡೋಸ್ ಇರುವ ತನಕ ಅದೇ ಬೀಗ ತೆಗೆಯುತ್ತಿತ್ತು; ಅದು ಹೋದ ಮೇಲೆ ನಿಮ್ಮನ್ನು ಕೇಳುತ್ತಿದೆ.

ಕೀ ಸಾಮಾನ್ಯವಾಗಿ ಆಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಫೋನಿನಲ್ಲಿ ಅದೇ ಖಾತೆಯಿಂದ ಮೈಕ್ರೋಸಾಫ್ಟ್ ತಾಣಕ್ಕೆ ಲಾಗಿನ್ ಆಗಿ, 'ಡಿವೈಸಸ್' ಪುಟದಲ್ಲಿ ನಿಮ್ಮ ಲ್ಯಾಪ್‌ಟಾಪ್ ಹೆಸರಿನ ಕೆಳಗೆ ಬಿಟ್‌ಲಾಕರ್ (ಈ ಬೀಗದ ಹೆಸರು) ರಿಕವರಿ ಕೀ ಹುಡುಕಿ. ಒಂದಕ್ಕಿಂತ ಹೆಚ್ಚು ಕೀ ಇದ್ದರೆ, ಬೀಗದ ಪರದೆಯಲ್ಲಿ ತೋರಿಸುವ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನು ತಾಳೆ ನೋಡಿ. ಸಿಗೆ ಒಂದು, ಡಿಗೆ ಇನ್ನೊಂದು ಇರುತ್ತದೆ. ಕಚೇರಿ ಅಥವಾ ಕಾಲೇಜಿನ ಖಾತೆಯಾಗಿದ್ದರೆ ಕೀ ಅಲ್ಲಿನ ಕಂಪ್ಯೂಟರ್ ವಿಭಾಗದವರ ಬಳಿ ಇರಬಹುದು. ಮನೆಯಲ್ಲಿ ಬೇರೆಯವರು ಮೊದಲ ಸಲ ಲಾಗಿನ್ ಆಗಿದ್ದರೇ ಎಂದೂ ವಿಚಾರಿಸಿ. ಕೀ ಎಲ್ಲಿಯೂ ಸಿಗದಿದ್ದರೆ ಆ ಡೇಟಾ ಬರುವುದಿಲ್ಲ. 'ತೆಗೆದುಕೊಡುತ್ತೇವೆ' ಎಂದು ಮುಂಗಡ ಕೇಳುವವರಿಗೆ ದುಡ್ಡು ಕೊಡಬೇಡಿ. ಕೀ ಹುಡುಕುವ ಆಸೆ ಪೂರ್ತಿ ಬಿಡುವ ತನಕ ಡಿ ಡ್ರೈವನ್ನು ಫಾರ್ಮ್ಯಾಟ್ ಮಾಡಲೂಬೇಡಿ.

ಉಳಿದ ಓದುಗರು ಇಂದೇ ಸೆಟ್ಟಿಂಗ್ಸ್ ತೆರೆದು, 'ಪ್ರೈವಸಿ ಆ್ಯಂಡ್ ಸೆಕ್ಯುರಿಟಿ' ಒಳಗೆ 'ಡಿವೈಸ್ ಎನ್‌ಕ್ರಿಪ್ಷನ್' ಆನ್ ಇದೆಯೇ ನೋಡಿ. ಇದ್ದರೆ ಕೀಯನ್ನು ಕಾಗದಕ್ಕೆ ಬರೆದಿಟ್ಟುಕೊಳ್ಳಿ. ಫಾರ್ಮ್ಯಾಟ್ ಮಾಡಿಸುವುದಾದರೆ ಮುಂಚಿನ ದಿನವೇ ಅದನ್ನು ಆಫ್ ಮಾಡಿ, ಬಿಡಿಸುವ ಕೆಲಸ ಮುಗಿಯಲು ಬಿಡಿ; ದೊಡ್ಡ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಯಂತ್ರವನ್ನು ಎಬ್ಬಿಸುವ ಒಳಗಿನ ಪ್ರೋಗ್ರಾಂ) 'ಸೆಕ್ಯೂರ್ ಬೂಟ್' ಎಂಬ ಸೆಟ್ಟಿಂಗ್ ಬದಲಿಸಿದರೂ ಈ ಕೀ ಕೇಳುವ ನೀಲಿ ಪರದೆ ಎದುರಾಗಬಹುದು.

ಪ್ರಶ್ನೆ: ಪೆನ್‌ಡ್ರೈವ್ ಸಿದ್ಧ ಮಾಡಿಕೊಂಡು ನಾನೇ ಹಾಕಲು ಹೋದೆ. ಇಂಟೆಲ್ 12ನೇ ತಲೆಮಾರಿನ ಲ್ಯಾಪ್‌ಟಾಪ್. ಎಲ್ಲಿ ಹಾಕಬೇಕು ಎಂದು ಕೇಳುವ ಜಾಗದಲ್ಲಿ ಒಂದೂ ಡಿಸ್ಕ್ ತೋರಿಸುತ್ತಿಲ್ಲ. ಎಸ್‌ಎಸ್‌ಡಿ ಸತ್ತಿದೆಯಾ?
— ಐಟಿಐ ವಿದ್ಯಾರ್ಥಿ, ಹರಿಹರ

ಉತ್ತರ: ಇಲ್ಲ, ಬಹುಮಟ್ಟಿಗೆ ಡ್ರೈವರ್ ಕೊರತೆ. ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿ 'ವಿಎಂಡಿ' ಎಂಬ ನಿಯಂತ್ರಕದ ಹಿಂದೆ ಇರುತ್ತದೆ. ಪೆನ್‌ಡ್ರೈವ್‌ನಲ್ಲಿರುವ ವಿಂಡೋಸ್‌ಗೆ ಅದರ ಡ್ರೈವರ್ ಗೊತ್ತಿಲ್ಲದಿದ್ದರೆ ಡಿಸ್ಕ್ ಕಾಣುವುದಿಲ್ಲ. ಬೇರೆ ಕಂಪ್ಯೂಟರಿನಲ್ಲಿ ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ತಾಣಕ್ಕೆ ಹೋಗಿ, ಸೀರಿಯಲ್ ನಂಬರ್ ಹಾಕಿ, ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೊಳ್ಳಿ. ಅದು ಸೆಟಪ್ ಫೈಲಾಗಿ ಬಂದರೆ ಹಾಗೇ ಪೆನ್‌ಡ್ರೈವ್‌ಗೆ ಹಾಕಿ ಪ್ರಯೋಜನವಿಲ್ಲ. ಬಿಚ್ಚಿ, ಒಳಗೆ 'ಐಎನ್‌ಎಫ್' ಎಂದು ಕೊನೆಯಾಗುವ ಫೈಲುಗಳಿರುವ ಫೋಲ್ಡರನ್ನು ಹಾಕಬೇಕು. ಮತ್ತೆ ಅದೇ ಪರದೆಗೆ ಬಂದಾಗ 'ಲೋಡ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸಿದರೆ ಡಿಸ್ಕ್ ಪ್ರತ್ಯಕ್ಷವಾಗುತ್ತದೆ.

ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡುವ ಅಡ್ಡದಾರಿಯೂ ಇದೆ. ಪೂರ್ತಿ ಹೊಸದಾಗಿ ಹಾಕುವವರಿಗೆ ಅಡ್ಡಿಯಿಲ್ಲ. ಹಳೆಯ ವಿಂಡೋಸ್‌ನಿಂದ ಇನ್ನೂ ಏನಾದರೂ ತೆಗೆಯುವುದಿದ್ದರೆ ಮಾತ್ರ ಹಾಗೆ ಮಾಡಬೇಡಿ, ಅದು ಆನ್ ಆಗದೆ ನಿಲ್ಲುತ್ತದೆ.

ಮುಂದಿನ ಸಲಕ್ಕೆ: ಹಳೆಯ ವಿಂಡೋಸ್ ಓಡುತ್ತಿರುವಾಗಲೇ ಎಲ್ಲಾ ಡ್ರೈವರ್ ಹೊರತೆಗೆದಿಡಬಹುದು. ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ 'ಡ್ರೈವರ್ಸ್' ಎಂಬ ಫೋಲ್ಡರ್ ಮಾಡಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ 'ಪಿಎನ್‌ಪಿಯುಟಿಲ್' (pnputil) ಎಂದು ಜಾಗ ಬಿಡದೆ ಟೈಪ್ ಮಾಡಿ. ಒಂದು ಜಾಗ ಬಿಟ್ಟು ಓರೆಗೆರೆ (/), ಅದಕ್ಕೆ ಅಂಟಿ 'ಎಕ್ಸ್‌ಪೋರ್ಟ್-ಡ್ರೈವರ್' (export-driver). ಮತ್ತೆ ಜಾಗ ಬಿಟ್ಟು ನಕ್ಷತ್ರದ ಗುರುತು. ಮತ್ತೆ ಜಾಗ ಬಿಟ್ಟು ಆ ಫೋಲ್ಡರ್‌ನ ದಾರಿ. ಫೋಲ್ಡರ್ ಮೊದಲೇ ಇರದಿದ್ದರೆ ತಪ್ಪು ಎಂದು ತೋರಿಸುತ್ತದೆ. ವೈಫೈ ಡ್ರೈವರ್ ಇಲ್ಲದೆ ವಿಂಡೋಸ್ 11ರ ಮೊದಲ ಪರದೆಯಲ್ಲೇ ಸಿಕ್ಕಿಕೊಂಡರೆ, ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ.

ಅಂದಹಾಗೆ, ವಿಂಡೋಸ್‌ಗೆ ಬಳಸುವ ಪೆನ್‌ಡ್ರೈವ್ ಕನಿಷ್ಠ 8 ಜಿಬಿಯದಿರಬೇಕು, ಸಿದ್ಧಮಾಡುವಾಗ ಅದರಲ್ಲಿರುವುದೆಲ್ಲ ಅಳಿಯುತ್ತದೆ. ಬ್ಯಾಕಪ್ ತೆಗೆದ ಪೆನ್‌ಡ್ರೈವನ್ನೇ ಇದಕ್ಕೆ ಬಳಸಬೇಡಿ. ಹಾಕುವ ಹೊತ್ತಿನಲ್ಲಿ ಬ್ಯಾಕಪ್ ಡಿಸ್ಕ್ ಕಳಚಿ ದೂರ ಇಡಿ.

ಪ್ರಶ್ನೆ: ಒರಿಜಿನಲ್ ವಿಂಡೋಸ್ ಬೇಕೆಂದರೆ ಕೀಗೆ ಬೇರೆ ದುಡ್ಡು ಕೊಡಬೇಕಂತೆ. ಲ್ಯಾಪ್‌ಟಾಪ್ ಕೊಂಡಾಗಲೇ ವಿಂಡೋಸ್ 10 ಇತ್ತು.
— ಚಳ್ಳಕೆರೆ

ಉತ್ತರ: ಕೊಡಬೇಕಿಲ್ಲ. ಕಂಪನಿಯೇ ವಿಂಡೋಸ್ 8 ಅಥವಾ ಅದರ ಮುಂದಿನ ಆವೃತ್ತಿ ಹಾಕಿ ಮಾರಿದ ಲ್ಯಾಪ್‌ಟಾಪುಗಳಲ್ಲಿ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಅದೇ ಎಡಿಷನ್ ಹಾಕಿ ಇಂಟರ್‌ನೆಟ್‌ಗೆ ಜೋಡಿಸಿದರೆ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ನಿಮ್ಮದು 'ಹೋಮ್' ಆಗಿದ್ದು ಅಂಗಡಿಯವರು 'ಪ್ರೊ' ಹಾಕಿದರೆ ಮಾತ್ರ ಕೀ ಕೇಳುತ್ತದೆ. ಸೆಟ್ಟಿಂಗ್ಸ್‌ನ 'ಆ್ಯಕ್ಟಿವೇಷನ್' ಪುಟದ ಫೋಟೊ ತೆಗೆದುಕೊಂಡು ಹೋಗಿ, ಅದೇ ಎಡಿಷನ್ ಬೇಕೆಂದು ಹೇಳಿ. ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಯಾವ ಮೈಕ್ರೋಸಾಫ್ಟ್ ಖಾತೆಗೆ ಜೋಡಣೆಯಾಗಿದೆ ಎಂದೂ ಬರೆದಿಟ್ಟುಕೊಳ್ಳಿ. ಅದು ಮರಳಿ ಸಿಗುವುದು ಆ ಖಾತೆಯಿಂದಲೇ. ಕ್ರ್ಯಾಕ್ ಹಾಕಿಕೊಡುತ್ತೇವೆ ಎಂದರೆ ಬೇಡವೆನ್ನಿ. ಅದನ್ನು ಓಡಿಸಲು ಆ್ಯಂಟಿವೈರಸ್ ಆಫ್ ಮಾಡುತ್ತಾರೆ; ಬ್ಯಾಂಕ್ ವ್ಯವಹಾರ ಮಾಡುವ ಯಂತ್ರದಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ.

ಪ್ರಶ್ನೆ: ಇಂಟೆಲ್ 6ನೇ ತಲೆಮಾರಿನ ಲ್ಯಾಪ್‌ಟಾಪ್, 8 ಜಿಬಿ ರ್‍ಯಾಮ್. ವಿಂಡೋಸ್ 10 ನಿಂತಿತು, 11 ಹಾಕಲಾಗದು ಎನ್ನುತ್ತಾರೆ. ಬಿಸಾಡಬೇಕೇ?
— ಜಗಳೂರು

ಉತ್ತರ: ಖಂಡಿತ ಬೇಡ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿದೆ. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು, ಕೆಲವು ವಿನಾಯಿತಿ ಬಿಟ್ಟರೆ, ಇಂಟೆಲ್ 8ನೇ ತಲೆಮಾರು ಅಥವಾ ಅದರ ಮುಂದಿನ ಪ್ರೊಸೆಸರ್. ಪರೀಕ್ಷೆ ತಪ್ಪಿಸಿ ಹಾಕುವ ಉಪಾಯಗಳಿವೆ. ಅಪ್‌ಡೇಟ್ ಮುಂದೆಯೂ ಬರುತ್ತದೆಂಬ ಭರವಸೆ ಇರುವುದಿಲ್ಲವಾದ್ದರಿಂದ ನಾವು ಅದನ್ನು ಹೇಳುವುದಿಲ್ಲ.

ಬ್ರೌಸರ್, ಪಾಠದ ವಿಡಿಯೊ, ಪತ್ರ ಬರೆಯುವುದು ಇಷ್ಟೇ ಬಳಕೆಯಾದರೆ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಅಥವಾ ಉಬುಂಟು 24.04 ಹಾಕಿ. 2024ರ ಏಪ್ರಿಲ್‌ನಲ್ಲಿ ಬಂದ ಈ ಉಬುಂಟುವಿಗೆ ಐದು ವರ್ಷ ಉಚಿತ ಅಪ್‌ಡೇಟ್ ಇದೆ. ಅದರಲ್ಲಿ ಕೀಲಿಮಣೆಗಳನ್ನು ನೋಡಿಕೊಳ್ಳುವ ಐಬಸ್‌ನ 'ಎಂ17ಎನ್' ಪ್ಯಾಕೇಜ್ ಸೇರಿಸಿದರೆ ಕೆಜಿಪಿ ಕೀಲಿಮಣೆಯೂ ಸಿಗುತ್ತದೆ. ಟ್ಯಾಲಿ, ಸಹಿಯ ಟೋಕನ್, ಹಳೇ ನುಡಿ ಫೈಲುಗಳ ಕೆಲಸ ಇದ್ದವರು ಮಾತ್ರ ಇದಕ್ಕೆ ಹೋಗಬೇಡಿ. ಅಳಿಸುವ ಮುಂಚೆ ಪೆನ್‌ಡ್ರೈವ್‌ನಿಂದಲೇ 'ಟ್ರೈ' ಆಯ್ಕೆಯಲ್ಲಿ ಒಂದು ಸಂಜೆ ಓಡಿಸಿ ವೈಫೈ, ಧ್ವನಿ, ಕ್ಯಾಮೆರಾ, ನಿಮ್ಮ ಪ್ರಿಂಟರ್ ನಾಲ್ಕೂ ನಡೆಯುತ್ತವೆಯೇ ನೋಡಿ. ಆ ಹಂತದಲ್ಲಿ ಡಿಸ್ಕ್‌ಗೆ ಏನೂ ಆಗುವುದಿಲ್ಲ.

ಪ್ರಶ್ನೆ: ನಡುವೆ ಕರೆಂಟ್ ಹೋದರೆ? ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷವೂ ನಿಲ್ಲುವುದಿಲ್ಲ.
— ಮೊಳಕಾಲ್ಮುರು

ಉತ್ತರ: ವಿಂಡೋಸ್ ಹಾಕುವ ನಡುವೆ ನಿಂತರೆ ಮತ್ತೆ ಮೊದಲಿನಿಂದ ಹಾಕಬಹುದು, ಹೋಗುವುದು ಸಮಯ ಮಾತ್ರ. ಬಯೋಸ್ ಅಪ್‌ಡೇಟ್ ನಡುವೆ ನಿಂತರೆ ಮದರ್‌ಬೋರ್ಡೇ ಏಳದೆ ಹೋಗಬಹುದು. 'ಇದೂ ಒಂದು ಆಗಲಿ' ಎಂದು ಬಯೋಸ್ ಅಪ್‌ಡೇಟನ್ನು ಇದರ ಜೊತೆ ಸೇರಿಸಬೇಡಿ. ಬೆಸ್ಕಾಂನವರ ನಿರ್ವಹಣೆ ಕೆಲಸದ ಪ್ರಕಟಣೆ ಇಲ್ಲದ ದಿನ ಆರಿಸಿಕೊಳ್ಳಿ, ಇನ್ವರ್ಟರ್ ಅಥವಾ ಯುಪಿಎಸ್ ಸಾಲಿನ ಪ್ಲಗ್ಗಿಗೆ ಚಾರ್ಜರ್ ಹಾಕಿ.